ಬಸಿರು ನಿಲ್ಲಲಿಲ್ಲ ಅಂದಾಗ ಯಾರೂ ಕೇಳದ ಪ್ರಶ್ನೆ: ಏನ್ ಕೆಲಸ ಮಾಡ್ತಿದ್ದೆ?

ನಮ್ಮ ಹಾಸನದ ಕಡೆ ಯಾರಿಗಾದ್ರೂ ಎರಡನೇ ತಿಂಗಳೋ ಮೂರನೇ ತಿಂಗಳೋ ತಾನಾಗೇ ಅಬಾರ್ಷನ್ ಆಯ್ತು ಅಂದ್ರೆ ಮನೆಗೆ ಬಂದೋರೆಲ್ಲಾ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಪರಂಗಿ ಹಣ್ಣು ತಿಂದ್ಯಾ, ಎಳ್ಳು ತಿಂದ್ಯಾ, ಬೈಕಲ್ಲಿ ಹೋಗಿದ್ಯಾ, ಭಾರ ಎತ್ತಿದ್ಯಾ, ಮುಸ್ಸಂಜೇಲಿ ಆಚೆ ಹೋಗಿದ್ಯಾ. ಎಲ್ಲಾ ಪ್ರಶ್ನೆಯೂ ಆ ಹೆಣ್ಣುಮಗಳು ಏನ್ ತಪ್ಪು ಮಾಡಿದ್ಲು ಅನ್ನೋದನ್ನೇ ಹುಡುಕ್ತವೆ. ಅವಳು ಹಿಂದಿನ ಎರಡು ತಿಂಗಳು ಎಲ್ಲಿ ಕೆಲಸ ಮಾಡ್ತಿದ್ಲು, ಕೈಗೆ ಏನ್ ತಾಗ್ತಿತ್ತು, ಯಾವ ವಾಸನೆ ಕುಡೀತಿದ್ಲು, ಗಂಡ ಯಾವ ಔಷಧಿ ಹೊಡೆದು ಮನೆಗೆ ಬರ್ತಿದ್ದ ಅಂತ ಕೇಳೋರು ತುಂಬಾ ಕಮ್ಮಿ. ಡಾಕ್ಟ್ರ ಹತ್ರಾನೂ ಬಿಪಿ, ಶುಗರ್, ಥೈರಾಯ್ಡ್ ಚೆಕ್ ಆಗುತ್ತೆ, ಕೆಲಸದ ಮಾತು ಬರೋದು ಅಪರೂಪ. ಈ ಒಂದು ಪ್ರಶ್ನೆ ಯಾಕೆ ಮುಖ್ಯ ಅಂತ ಇಲ್ಲಿ ಸ್ವಲ್ಪ ವಿವರವಾಗೇ ಬರೀತಿದೀನಿ.

ಅದಕ್ಕೂ ಮೊದಲು ಒಂದು ಮಾತು ಹೇಳ್ಬೇಕು, ಯಾಕಂದ್ರೆ ಇದನ್ನ ಓದಿ ಯಾರೂ ಇನ್ನೊಂದು ಪಾಪಪ್ರಜ್ಞೆ ತಲೆ ಮೇಲೆ ಹೊತ್ಕೊಬಾರ್ದು. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ 10ರಿಂದ 20 ನಿಲ್ಲೋದಿಲ್ಲ, ಇದು ಜಗತ್ತಿನ ಎಲ್ಲಾ ಕಡೆ ಇರೋ ಲೆಕ್ಕ. ಮೊದಲ ಮೂರು ತಿಂಗಳಲ್ಲಿ ಹೋಗೋ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್ ಲೆಕ್ಕ ತಪ್ಪಿರೋದು, ಅದನ್ನ ಪರಂಗಿ ಹಣ್ಣೂ ತರಲ್ಲ, ಮೆಟ್ಲು ಹತ್ತಿದ್ದೂ ತರಲ್ಲ. ಕೆಮಿಕಲ್ಲಿಂದಾನೇ ಎಲ್ಲಾ ಗರ್ಭಪಾತ ಆಗುತ್ತೆ ಅಂದ್ರೆ ಅದು ಸುಳ್ಳು. ಆದ್ರೆ ಕೆಲವು ಕೆಮಿಕಲ್ಲುಗಳು ಈ ಅಪಾಯಾನ ಜಾಸ್ತಿ ಮಾಡ್ತವೆ ಅನ್ನೋದಕ್ಕೆ ದಶಕಗಳ ಅಧ್ಯಯನ ಇದೆ, ಮತ್ತೆ ಅವು ಎಲ್ಲೋ ದೂರದ ಫ್ಯಾಕ್ಟರೀಲಿ ಮಾತ್ರ ಇಲ್ಲ, ನಮ್ಮ ಹೊಲದ ಬದೂಲೂ ಇದಾವೆ.

ಆಲೂಗಡ್ಡೆಯಿಂದ ಶುರು ಮಾಡ್ತೀನಿ. ಮೇ ತಿಂಗಳು ಬಂತು ಅಂದ್ರೆ ಹಾಸನ ಎಪಿಎಂಸಿಗೆ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಲಾರಿ ಬರುತ್ತೆ. ತಂದ ಗಡ್ಡೇನ ಕಣ್ಣು ನೋಡಿ ಕತ್ತರಿಸ್ಬೇಕು, ಆಮೇಲೆ ಕೊಳೀಬಾರ್ದು ಅಂತ ಔಷಧೀಲಿ ಅದ್ದಿಯೋ ಪುಡಿ ಬೆರೆಸಿಯೋ ಇಡ್ಬೇಕು. ಕತ್ತರಿಸಿ ಔಷಧಿ ಬೆರೆಸೋ ಕೆಲಸ ಬಹುಪಾಲು ಹೆಂಗಸರದ್ದು, ಮನೆ ಜಗಲಿ ಮೇಲೇ ಕೂತು, ಬರಿಗೈಯಲ್ಲೇ. ಆಮೇಲೆ ಮಳೆ ಶುರುವಾದ್ರೆ ಎಲೆ ಸುಡೋ ಅಂಗಮಾರಿ ರೋಗ, ಮೋಡ ಕಟ್ಟಿದ್ರೆ ಸಾಕು ಪಂಪ್ ಹೆಗಲಿಗೇರುತ್ತೆ, ಹತ್ತು ದಿನಕ್ಕೊಂದ್ಸಲ, ಜೋರು ಮಳೆ ಇದ್ರೆ ಅದಕ್ಕೂ ಮೊದಲೇ. ಇಲ್ಲೆಲ್ಲಾ ಬಳಕೆಯಾಗೋದು ನಮ್ಮ ರೈತರು ಎಂ-45 ಅಂತ ಕರೆಯೋ ಹಳದಿ ಪುಡಿ, ಅಂದ್ರೆ ಮ್ಯಾಂಕೋಜೆಬ್. ಪ್ಯಾಕೆಟ್ ಮೇಲೆ ಹಸಿರು ತ್ರಿಕೋನ ಇರುತ್ತೆ, ಹಸಿರು ಅಂದ್ರೆ ಏನೂ ಆಗಲ್ಲ ಬಿಡು ಅಂತ ಎಲ್ಲಾರೂ ಅಂದ್ಕೊಂಡಿರ್ತಾರೆ.

ಈ ತ್ರಿಕೋನದ ವಿಷಯಾನ ಸರಿಯಾಗಿ ತಿಳ್ಕೊಳ್ಳೋದು ಬಹಳ ಮುಖ್ಯ ಅನ್ನಿಸುತ್ತೆ ನಂಗೆ. ಕೆಂಪು, ಹಳದಿ, ನೀಲಿ, ಹಸಿರು ಅಂತ ನಾಲ್ಕು ಬಣ್ಣ, ಈ ಬಣ್ಣ ಹೇಳೋದು ಒಂದೇ ವಿಷಯ: ಒಂದೇ ಸಲ ಇಷ್ಟು ಹೊಟ್ಟೆಗೆ ಹೋದ್ರೆ, ಚರ್ಮಕ್ಕೆ ತಾಗಿದ್ರೆ ಪ್ರಾಣ ಹೋಗೋ ಅಪಾಯ ಎಷ್ಟು ಅಂತ. ದಿನಾ ಸ್ವಲ್ಪ ಸ್ವಲ್ಪ ಮೈಗೆ ಹತ್ತಿದ್ರೆ ಗರ್ಭಕ್ಕೇನಾಗುತ್ತೆ, ಹಾರ್ಮೋನಿಗೇನಾಗುತ್ತೆ, ವೀರ್ಯಕ್ಕೇನಾಗುತ್ತೆ ಅನ್ನೋದನ್ನ ಆ ಬಣ್ಣ ಹೇಳೋದೇ ಇಲ್ಲ. ಮ್ಯಾಂಕೋಜೆಬ್ ಮೈಯೊಳಗೆ ಹೋದ್ಮೇಲೆ ಇಟಿಯು ಅಂತ, ಪೂರ್ತಿ ಹೆಸರು ಎಥಿಲೀನ್ ಥಯೋಯೂರಿಯಾ, ಅದಾಗಿ ಒಡೆಯುತ್ತೆ, ಅದು ಥೈರಾಯ್ಡ್ ಗ್ರಂಥಿ ಕೆಲಸಕ್ಕೆ ಅಡ್ಡ ಬರುತ್ತೆ. ಮೊದಲ ಮೂರು ತಿಂಗಳು ಮಗುವಿಗೆ ತನ್ನದೇ ಥೈರಾಯ್ಡ್ ಕೆಲಸ ಮಾಡೋಕೆ ಶುರುವಾಗಿರಲ್ಲ, ತಾಯಿಯ ಹಾರ್ಮೋನೇ ಗತಿ. ಯುರೋಪಿಯನ್ ಯೂನಿಯನ್ 2020ರ ಕೊನೇಲಿ ಮ್ಯಾಂಕೋಜೆಬ್ ಪರವಾನಗಿ ನವೀಕರಿಸಲಿಲ್ಲ, ಕಾರಣಗಳಲ್ಲಿ ಒಂದು ಅದು ಹೊಟ್ಟೇಲಿರೋ ಮಗುವಿಗೆ ಹಾನಿಕರ ಅನ್ನೋ ವರ್ಗೀಕರಣ. ಅದೇ 2020ರ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರಾನೂ 27 ಕೀಟನಾಶಕ ನಿಷೇಧಿಸೋ ಕರಡು ಹೊರಡಿಸಿತ್ತು, ಅದರಲ್ಲಿ ಮ್ಯಾಂಕೋಜೆಬ್ ಇತ್ತು, ಕಾರ್ಬೆಂಡಜಿಮ್ ಇತ್ತು, ಕ್ಲೋರ್‌ಪೈರಿಫಾಸ್ ಇತ್ತು, 2,4-ಡಿ ಅನ್ನೋ ಕಳೆನಾಶಕ ಇತ್ತು. 2023ರಲ್ಲಿ ಅಂತಿಮ ಆದೇಶ ಬಂದಾಗ ಆ ಪಟ್ಟಿಯಿಂದ ಪೂರ್ತಿ ನಿಷೇಧ ಆಗಿದ್ದು ಮೂರೇ ಮೂರು, ಡೈಕೋಫಾಲ್, ಡೈನೋಕ್ಯಾಪ್, ಮೆಥೋಮಿಲ್. ನಾನು ಹೇಳಿದ ನಾಲ್ಕೂ ಅಂಗಡೀಲೇ ಉಳಿದ್ವು.

ಕಾರ್ಬೆಂಡಜಿಮ್ ಹೆಸರು ಬಂದಿದ್ದಕ್ಕೆ ಶುಂಠಿ ಮಾತೂ ಹೇಳಿಬಿಡ್ತೀನಿ. ಆಲೂಗಡ್ಡೆ ಬಿಟ್ಟ ಎಷ್ಟೋ ಜನ ಶುಂಠಿಗೆ, ಜೋಳಕ್ಕೆ ಹೋಗಿದಾರೆ, ಶುಂಠೀಲಿ ದುಡ್ಡು ಜಾಸ್ತಿ, ಕೊಳೆರೋಗದ ಭಯಾನೂ ಜಾಸ್ತಿ, ಹಂಗಾಗಿ ಔಷಧಿಯೂ ಜಾಸ್ತಿ. ಮೂರ್ನಾಲ್ಕು ಔಷಧಿ ಒಂದೇ ಡ್ರಮ್ಮಿಗೆ ಹಾಕಿ ಕೋಲಲ್ಲೋ ಕೈಯಲ್ಲೋ ಕಲಸೋದನ್ನ ಯಾರು ಬೇಕಾದ್ರೂ ನೋಡಬಹುದು. ಕಾರ್ಬೆಂಡಜಿಮ್ ಶಿಲೀಂಧ್ರಾನ ಕೊಲ್ಲೋದೇ ಅದರ ಜೀವಕೋಶ ಎರಡಾಗದಂಗೆ ತಡೆದು, ಕೋಶ ಒಡೆಯುವಾಗ ಕ್ರೋಮೋಸೋಮುಗಳನ್ನ ಎರಡೂ ಕಡೆ ಎಳೆಯೋ ದಾರದಂಥ ರಚನೆ ಇರುತ್ತಲ್ಲ ಅದು ಕಟ್ಟಿಕೊಳ್ಳದಂಗೆ ಮಾಡಿ. ಯುರೋಪಿನ ವರ್ಗೀಕರಣದಲ್ಲಿ ಅದು ವಂಶವಾಹಿಗೂ ಗರ್ಭಕ್ಕೂ ಹಾನಿ ಮಾಡೋ ಗುಂಪಲ್ಲಿದೆ. ಹಂಗಂತ ಶುಂಠಿ ಹೊಲದಲ್ಲಿ ಕೆಲಸ ಮಾಡಿದ ಇಂಥ ಹೆಂಗಸಿನ ಗರ್ಭ ಇದರಿಂದಾನೇ ಹೋಯ್ತು ಅಂತ ಯಾರೂ ಹೇಳೋಕಾಗಲ್ಲ, ಆದ್ರೆ ಇಂಥ ಗುಣ ಇರೋ ವಸ್ತೂನ ಬರಿಗೈಯಲ್ಲಿ ಕಲಸೋ ಪದ್ಧತಿ ಮುಂದುವರೀಬಾರ್ದು ಅಂತ ಹೇಳೋಕೆ ಅಷ್ಟು ಸಾಕು.

ಸಕಲೇಶಪುರ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರಿನ ಕಾಫಿ ತೋಟಗಳ ಕಥೆ ಇನ್ನೂ ಹಳೇದು. ಬಿಳಿ ಕಾಂಡಕೊರಕಕ್ಕೆ ಅಂತ ಅರೇಬಿಕಾ ಗಿಡದ ಕಾಂಡಕ್ಕೆ ಲಿಂಡೇನ್ ಬಳೀತಿದ್ರು, ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಹೊಡೀತಿದ್ರು. ಎಂಡೋಸಲ್ಫಾನ್ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತು ಹೋಯ್ತು, ಅದಕ್ಕೆ ಕಾಸರಗೋಡು ಮತ್ತೆ ನಮ್ಮದೇ ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲ ಹಳ್ಳಿಗಳ ಜನ ಎಷ್ಟು ವರ್ಷ ಒದ್ದಾಡ್ಬೇಕಾಯ್ತು ಅನ್ನೋದು ಎಲ್ಲಾರಿಗೂ ಗೊತ್ತಿರೋದೇ. ಲಿಂಡೇನ್ ಕೂಡ ಈಗ ನಿಷೇಧ. ಕ್ಲೋರ್‌ಪೈರಿಫಾಸ್ ಮಾತ್ರ ಇನ್ನೂ ಸಿಗುತ್ತೆ, ಅದನ್ನ 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ ಜಗತ್ತಿನಾದ್ಯಂತ ನಿಲ್ಲಿಸ್ಬೇಕಾದ ಪಟ್ಟಿಗೆ ಸೇರಿಸಿದ್ರು, ಕೆಲವು ಬೆಳೆಗಳಿಗೆ ವಿನಾಯಿತಿ ಇಟ್ಟು. ತೋಟದಲ್ಲಿ ಪಂಪ್ ಹೊರೋದು ಸಾಮಾನ್ಯವಾಗಿ ಗಂಡಾಳು, ಹೆಣ್ಣಾಳಿಗೆ ಔಷಧಿ ಕೆಲಸ ಕೊಡಲ್ಲಪ್ಪ ಅಂತ ಸಾಹುಕಾರ್ರೂ ತೋಟದ ಲೆಕ್ಕ ನೋಡೋ ರೈಟ್ರೂ ಹೇಳ್ತಾರೆ, ಅದು ನಿಜಾನೂ ಹೌದು. ಆದ್ರೆ ಡ್ರಮ್ಮಿಗೆ ನೀರು ಹೊತ್ತು ತಂದು ಹಾಕೋರು ಯಾರು, ಹೊಡೆದ ಮಾರನೇ ದಿನಾನೇ ಅದೇ ಗಿಡದ ಕೆಳಗೆ ಕಳೆ ಕೀಳೋಕೆ, ಚಿಗುರು ತೆಗೆಯೋಕೆ ಹೋಗೋರು ಯಾರು? ಒದ್ದೆ ಎಲೆ ಮೈಗೆ ಒರೆಸ್ಕೊಂಡು ದಿನವಿಡೀ ನಿಲ್ಲೋದು ಹೆಂಗಸರೇ. ಔಷಧಿ ಹೊಡೆದ ಮೇಲೆ ಇಷ್ಟು ದಿನ ಆ ಪ್ಲಾಟಿಗೆ ಆಳು ಬಿಡಬಾರ್ದು ಅನ್ನೋ ಲೆಕ್ಕ ಒಂದಿರುತ್ತೆ, ಅದನ್ನ ಪಾಲಿಸಿದ್ರೆ ಅರ್ಧ ಸಮಸ್ಯೆ ಅಲ್ಲೇ ಕಮ್ಮಿ ಆಗುತ್ತೆ.

ಅರಕಲಗೂಡು ತಾಲೂಕಿನ ರಾಮನಾಥಪುರದ ಸುತ್ತ ಹೊಗೆಸೊಪ್ಪು. ಅಲ್ಲಿ ಔಷಧಿ ಬೇರೆ, ಸೊಪ್ಪೇ ಬೇರೆ ಅಪಾಯ. ಇಬ್ಬನಿಯಲ್ಲೋ ಮಳೇಲೋ ಒದ್ದೆಯಾದ ಹಸಿ ಎಲೆ ಕೀಳುವಾಗ ನಿಕೋಟಿನ್ ಚರ್ಮದ ಮೂಲಕಾನೇ ರಕ್ತಕ್ಕೆ ಹೋಗುತ್ತೆ, ತಲೆ ಸುತ್ತು, ವಾಂತಿ ಬರುತ್ತೆ. ಹೊಸದಾಗಿ ಬಸುರಿಯಾದೋಳಿಗೆ ಇದು ಬಸುರಿನ ವಾಂತೀನೋ ಸೊಪ್ಪಿನ ವಾಂತೀನೋ ಗೊತ್ತಾಗೋದಾದ್ರೂ ಹೆಂಗೆ. ನಿಕೋಟಿನ್ ಮಾಸು ದಾಟಿ ಮಗುವಿಗೆ ಹೋಗುತ್ತೆ ಅನ್ನೋದು ಖಚಿತ. ಬಾಯಲ್ಲಿ ಕಡ್ಡಿಪುಡಿ, ಹೊಗೆಸೊಪ್ಪು ಹಾಕೋ ಬಸುರಿಯರಲ್ಲಿ ಮಗು ಹೊಟ್ಟೇಲೇ ಸಾಯೋ ಅಪಾಯ ಎರಡೂವರೆ ಪಟ್ಟಿನ ಆಸುಪಾಸು ಅಂತ 2006ರಲ್ಲಿ ಮುಂಬೈ ಅಧ್ಯಯನ ಒಂದು ತೋರಿಸಿತ್ತು.

ಈಗ ಗಂಡಸರ ಮಾತು. ಗರ್ಭ ನಿಲ್ಲದಿದ್ರೆ ಹೆಣ್ಣಿನ ಹೊಟ್ಟೇನೇ ದೂರ್ತಾರೆ, ಆದ್ರೆ ಭ್ರೂಣದ ಅರ್ಧ ಭಾಗ ಗಂಡಿಂದಾನೇ ಬರೋದು. ಒಂದು ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು, ಆ ಎರಡೂವರೆ ತಿಂಗಳಲ್ಲಿ ಅವನು ಹೊಡೆದ ಔಷಧಿ ಲೆಕ್ಕಕ್ಕೆ ಬರುತ್ತೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕೀಟನಾಶಕ ಫ್ಯಾಕ್ಟರೀಲಿ ಕೆಲಸಗಾರರು ತಮಗ್ಯಾರಿಗೂ ಮಕ್ಕಳಾಗ್ತಿಲ್ವಲ್ಲ ಅಂತ ತಮ್ಮತಮ್ಮಲ್ಲೇ ಮಾತಾಡ್ಕೊಂಡು ಪರೀಕ್ಷೆ ಮಾಡಿಸಿದ್ಮೇಲೇ ಡಿಬಿಸಿಪಿ ಅನ್ನೋ, ಮಣ್ಣಲ್ಲಿ ಬೆಳೆ ಬೇರು ತಿನ್ನೋ ಜಂತುಹುಳ ಕೊಲ್ಲೋ ಔಷಧಿ ಗಂಡಸರ ಸಂತಾನಶಕ್ತಿ ಕಿತ್ಕೊಳ್ತಿದೆ ಅಂತ ಬಯಲಾಗಿದ್ದು. ಗರ್ಭಪಾತದ ವಿಷಯಕ್ಕೆ ಬಂದ್ರೆ ನಮ್ಮ ದೇಶದ್ದೇ ಅಧ್ಯಯನ ಇದೆ, ಹತ್ತಿ ಹೊಲದಲ್ಲಿ ಔಷಧಿ ಹೊಡೆಯೋ ಗಂಡಸರ ಹೆಂಡತಿಯರಲ್ಲಿ ಗರ್ಭಪಾತ, ಸತ್ತು ಹುಟ್ಟೋ ಮಕ್ಕಳು ಬೇರೆಯವರಿಗಿಂತ ಜಾಸ್ತಿ ಅಂತ 1991ರಲ್ಲೇ ಪ್ರಕಟ ಆಗಿತ್ತು. ಕೊಲಂಬಿಯಾದ ಹೂವಿನ ತೋಟಗಳಲ್ಲೂ ಅಷ್ಟೇ, ಕೆಲಸಕ್ಕೆ ಹೋಗೋ ಹೆಂಗಸರಲ್ಲಿ ಮಾತ್ರ ಅಲ್ಲ, ಕೆಲಸಕ್ಕೆ ಹೋಗೋ ಗಂಡಸರ ಹೆಂಡತಿಯರಲ್ಲೂ ಗರ್ಭಪಾತ ಜಾಸ್ತಿ ಕಂಡುಬಂತು. ಇದರ ಜೊತೆಗೆ ಅವನ ಲುಂಗಿ, ಅಂಗಿ. ಔಷಧಿ ಹೊಡೆದ ಬಟ್ಟೇನ ಬಚ್ಚಲಲ್ಲಿ ಎಲ್ಲರ ಬಟ್ಟೆ ಜೊತೆ ನೆನೆಹಾಕಿ ಕೈಯಲ್ಲಿ ಉಜ್ಜೋದು ಯಾರು ಅಂತ ಕೇಳಲೇಬೇಕಾಗಿಲ್ಲ.

ಕೆನಡಾದ ಒಂಟಾರಿಯೋ ರೈತ ಕುಟುಂಬಗಳ ಮೇಲೆ ನಡೆದು 2001ರಲ್ಲಿ ಬಂದ ಅಧ್ಯಯನ ಇನ್ನೊಂದು ವಿಷಯ ತೋರಿಸಿತು, ಅದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು. ಗರ್ಭ ಕಟ್ಟೋಕೆ ಮುಂಚಿನ ಮೂರು ತಿಂಗಳಲ್ಲಿ 2,4-ಡಿ ಗುಂಪಿನ ಕಳೆನಾಶಕ ತಾಗಿದೋರಲ್ಲಿ ಮೊದಲ 12 ವಾರದೊಳಗಿನ ಗರ್ಭಪಾತದ ಅಪಾಯ ಸುಮಾರು ಒಂದೂವರೆ ಪಟ್ಟು. ಮುಂಚಿನ ಮೂರು ತಿಂಗಳು ಅನ್ನೋದನ್ನ ಗಮನಿಸಿ. ನಮ್ಮಲ್ಲಿ ಏನಾಗುತ್ತೆ, ಮುಟ್ಟು ನಿಂತು ಒಂದು ತಿಂಗಳಾದ್ಮೇಲೆ ಅನುಮಾನ, ಆಮೇಲೆ ಕಾರ್ಡ್ ಟೆಸ್ಟು, ಆಮೇಲೆ ಆಶಾ ಅಕ್ಕ ಬಂದು ತಾಯಿ ಕಾರ್ಡ್ ಮಾಡಿಸೋದು, ಅಷ್ಟೊತ್ತಿಗೆ ಎರಡು ಮೂರು ತಿಂಗಳು. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳೋದು ಗರ್ಭ ಕಟ್ಟಿದ ನಾಲ್ಕನೇ ವಾರದಲ್ಲೇ. ಬಸುರಿ ಅಂತ ಗೊತ್ತಾದ ಮೇಲೆ ಅವಳನ್ನ ಔಷಧಿ ಕೆಲಸದಿಂದ ದೂರ ಇಡ್ತೀವಿ ಅನ್ನೋ ಏರ್ಪಾಡು ಒಳ್ಳೇದೇ, ಆದ್ರೆ ಅದು ತಡವಾಗಿ ಬರೋ ಏರ್ಪಾಡು. ಕೆಲಸದ ಜಾಗಾನೇ ಎಲ್ಲಾರಿಗೂ ಸುರಕ್ಷಿತ ಆಗ್ಬೇಕು, ಮದುವೆ ಆಗದೋರಿಗೂ, ಗಂಡಸರಿಗೂ.

ಹೊಲ ತೋಟ ಬಿಟ್ಟು ಊರೊಳಗೆ ಬಂದ್ರೂ ವಿಷಯ ಮುಗಿಯಲ್ಲ. ಆಸ್ಪತ್ರೆ ಅಂದ್ರೆ ಸುರಕ್ಷಿತ ಜಾಗ ಅಂದ್ಕೋತೀವಿ, ಆದ್ರೆ ಈ ವಿಷಯದಲ್ಲಿ ಗಟ್ಟಿ ಪುರಾವೆ ಸಿಕ್ಕಿರೋದು ಅಲ್ಲಿಯ ಸಿಬ್ಬಂದಿ ಮೇಲೇನೇ. ಕ್ಯಾನ್ಸರ್ ಔಷಧಿ ಕಲಸಿ ಕೊಡೋ ನರ್ಸ್‌ಗಳಲ್ಲಿ ಗರ್ಭಪಾತದ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು ಅಂತ ಫಿನ್‌ಲ್ಯಾಂಡಿನಲ್ಲಿ 1985ರಲ್ಲೇ ಕಂಡುಬಂತು. ಉಪಕರಣ ಸ್ಟೆರಿಲೈಸ್ ಮಾಡೋ ಎಥಿಲೀನ್ ಆಕ್ಸೈಡ್ ಗ್ಯಾಸ್ ಬಗ್ಗೆ ಅದಕ್ಕೂ ಮುಂಚೆ, 1982ರಲ್ಲಿ. ಹಲ್ಲಿನ ಡಾಕ್ಟ್ರ ಸಹಾಯಕಿಯರ ಮೇಲೆ ಅಮೆರಿಕದಲ್ಲಿ ನಡೆದು 1995ರಲ್ಲಿ ಬಂದ ಅಧ್ಯಯನ ಮಾತ್ರ ಸ್ವಲ್ಪ ವಿವರವಾಗಿ ಹೇಳ್ಬೇಕು. ನೈಟ್ರಸ್ ಆಕ್ಸೈಡ್ ಅನ್ನೋ ನೋವು ಮರೆಸೋ ಗ್ಯಾಸ್ ಇರೋ ಕೋಣೇಲಿ ವಾರಕ್ಕೆ ಮೂರು ಗಂಟೆ ಅಥವಾ ಹೆಚ್ಚು ಕೆಲಸ ಮಾಡಿದೋರಲ್ಲಿ, ಸೋರೋ ಗ್ಯಾಸ್ ಹೀರ್ಕೊಂಡು ಆಚೆ ಹಾಕೋ ಸಲಕರಣೆ ಇಲ್ಲದ ಕಡೆ ಗರ್ಭಪಾತದ ಅಪಾಯ 2.6 ಪಟ್ಟು ಇತ್ತು. ಆ ಸಲಕರಣೆ ಇದ್ದ ಕಡೆ ಅಪಾಯ ಜಾಸ್ತಿ ಆಗಿರಲೇ ಇಲ್ಲ. ಅದೇ ಕೆಲಸ, ಅದೇ ಗ್ಯಾಸ್, ಒಂದು ಪೈಪು ಫ್ಯಾನು ಇದ್ದಿದ್ದಕ್ಕೆ ಅಷ್ಟು ವ್ಯತ್ಯಾಸ.

ಹಾಸನದ ಇಂಡಸ್ಟ್ರಿಯಲ್ ಏರಿಯಾಗೆ ದಿನಾ ಬೆಳಿಗ್ಗೆ ಬಸ್ಸು ತುಂಬಾ ಹೋಗೋ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಬಹುಪಾಲು ಮದುವೆ ಆಗಿ ಮಕ್ಕಳಾಗೋ ವಯಸ್ಸಿನೋರೇ. ಹೊಲಿಗೆ ಮೆಷಿನ್ನಲ್ಲಿ ಕೆಮಿಕಲ್ ಕಮ್ಮಿ, ಆದ್ರೆ ಕಲೆ ತೆಗೆಯೋ ಸ್ಪಾಟಿಂಗ್ ಕೆಲಸ, ಪ್ರಿಂಟಿಂಗ್, ಅಂಟು ಹಾಕೋ ಕಡೆ ಸಾಲ್ವೆಂಟ್, ಅಂದ್ರೆ ಕಲೆ, ಬಣ್ಣ, ಅಂಟು ಕರಗಿಸೋ ದ್ರವ ಇರುತ್ತೆ. ಸಿಂಗಾಪುರದಲ್ಲಿ ಸ್ಪೀಕರ್ ತಯಾರಿಸೋ ಫ್ಯಾಕ್ಟರೀಲಿ ಅಂಟಿನ ಟೊಲ್ಯೂಯಿನ್ ಹೆಚ್ಚು ಉಸಿರಾಡಿದ ಹೆಂಗಸರಲ್ಲಿ ಗರ್ಭಪಾತ ಜಾಸ್ತಿ ಅಂತ 1992ರಲ್ಲಿ ದಾಖಲಾಗಿದೆ, ಡ್ರೈಕ್ಲೀನಿಂಗ್‌ನ ಪರ್‌ಕ್ಲೋರೋಎಥಿಲೀನ್ ಬಗ್ಗೆ ಫಿನ್‌ಲ್ಯಾಂಡ್, ಬ್ರಿಟನ್ ಎರಡೂ ಕಡೆ ಇಂಥದ್ದೇ ಫಲಿತಾಂಶ. ಬ್ಯಾಟರಿ ಅಂಗಡಿ, ಹಳೇ ಬಣ್ಣ ಕೆರೆಯೋ ಕೆಲಸ, ಅಲ್ಲಿ ಸೀಸ. ಮೆಕ್ಸಿಕೋ ಸಿಟಿಯಲ್ಲಿ 1999ರಲ್ಲಿ ಕಂಡಿದ್ದು, ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಜಾಸ್ತಿಯಾದಂಗೆಲ್ಲಾ ಗರ್ಭಪಾತದ ಸಾಧ್ಯತೆ 1.8 ಪಟ್ಟಾಗುತ್ತೆ. ಸೀಸ ಮೂಳೇಲಿ ವರ್ಷಗಟ್ಟಲೆ ಕೂತಿರುತ್ತೆ, ಬಸಿರಲ್ಲಿ ಮಗುವಿಗೆ ಕ್ಯಾಲ್ಸಿಯಂ ಕೊಡೋಕೆ ಮೂಳೆ ಕರಗಿದಾಗ ಅದೂ ರಕ್ತಕ್ಕೆ ಬರುತ್ತೆ, ಅಂದ್ರೆ ಕೆಲಸ ಬಿಟ್ಟು ಎಷ್ಟೋ ವರ್ಷ ಆದೋಳಿಗೂ ಹಳೇ ಕೆಲಸ ಹಿಂಬಾಲಿಸಬಹುದು.

ಹೊಗೇನ ಬಿಡೋಕಾಗಲ್ಲ. ಗಾಳಿಯಲ್ಲಿರೋ ಪಿಎಂ 2.5 ಅನ್ನೋ ಸಣ್ಣ ಕಣಗಳಿಗೂ ಗರ್ಭನಷ್ಟಕ್ಕೂ ಇರೋ ನಂಟಿನ ಬಗ್ಗೆ 2021ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೇಲಿ ಬಂದ ಲೆಕ್ಕ: ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಸೇರಿ ವರ್ಷಕ್ಕೆ ಸುಮಾರು 3.5 ಲಕ್ಷ ಗರ್ಭನಷ್ಟ, ಅದೂ ಭಾರತದ್ದೇ ಮಿತಿಯಾದ 40 ಮೈಕ್ರೋಗ್ರಾಂ ದಾಟಿದ ಮಾಲಿನ್ಯಕ್ಕೆ ಮಾತ್ರ ಹಾಕಿದ ಲೆಕ್ಕ. ಮಲೆನಾಡಿನ ಗಾಳಿ ಶುದ್ಧ ಅನ್ನೋದು ಬಯಲಲ್ಲಿ ನಿಂತಾಗ ನಿಜ, ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ ಹಸಿ ಸೌದೆ ಒಲೆ ಊದೋ, ತೋಟದ ಆಳುಗಳ ಲೈನ್ ಮನೆಯೊಳಗೆ ನಿಂತು ಆ ಮಾತು ಹೇಳೋಕಾಗಲ್ಲ. ಗ್ಯಾಸ್ ಕನೆಕ್ಷನ್ ಇದ್ರೂ ಸಿಲಿಂಡರ್ ಉಳಿಸೋಕೆ ನೀರು ಕಾಯಿಸೋದು, ಅನ್ನ ಮಾಡೋದು ಒಲೇಲೇ.

ಇಷ್ಟೆಲ್ಲಾ ಇದ್ದೂ ಯಾಕೆ ಖಡಾಖಂಡಿತವಾಗಿ ಇದೇ ಕಾರಣ ಅಂತ ಹೇಳೋಕಾಗಲ್ಲ ಅಂದ್ರೆ, ಗರ್ಭಪಾತದ ಅಧ್ಯಯನ ಬಹಳ ಕಷ್ಟದ್ದು. ಮೊದಮೊದಲ ವಾರಗಳಲ್ಲಿ ಹೋಗಿದ್ದು ಮುಟ್ಟು ತಡವಾಯ್ತು ಅನ್ನೋದ್ರಲ್ಲೇ ಮುಗಿದುಹೋಗುತ್ತೆ, ಲೆಕ್ಕಕ್ಕೇ ಸಿಗಲ್ಲ. ಮಗು ಕಳ್ಕೊಂಡೋಳು ಆ ದಿನಗಳನ್ನ ಮತ್ತೆ ಮತ್ತೆ ನೆನೆಸ್ಕೊಂಡಿರ್ತಾಳೆ, ಕೇಳಿದಾಗ ಅವಳಿಗೆ ಎಲ್ಲಾ ನೆನಪಿರುತ್ತೆ, ಆರಾಮಾಗಿ ಹೆತ್ತೋಳಿಗೆ ಅಷ್ಟು ನೆನಪಿರಲ್ಲ, ಇದರಿಂದ ಅಂಕಿ ವಾಲುತ್ತೆ. ಒಬ್ಬಳಿಗೇ ನಾಲ್ಕಾರು ಕೆಮಿಕಲ್ಲು, ಜೊತೆಗೆ ರಕ್ತಹೀನತೆ, ಬಿಸಿಲು, ಭಾರ. ಅನುಮಾನಕ್ಕೆ ಜಾಗಾನೇ ಇಲ್ಲದಂಗೆ ಕಂಡಿದ್ದು ಭೋಪಾಲದಲ್ಲಿ, 1984ರಲ್ಲಿ, ಒಂದೇ ರಾತ್ರಿ ಒಂದೇ ಗ್ಯಾಸ್ ಆದ್ದರಿಂದ. ಆವಾಗ ಬಸುರಿಯಾಗಿದ್ದು ಗ್ಯಾಸ್ ತಾಗಿದೋರಲ್ಲಿ ಗರ್ಭಪಾತ ನೂರಕ್ಕೆ 24, ತಾಗದ ಬಡಾವಣೆಗಳಲ್ಲಿ ಆರಕ್ಕೂ ಕಮ್ಮಿ. ನಮ್ಮ ತೋಟದಲ್ಲಿ ಅಂಥ ಒಂದು ರಾತ್ರಿ ಇಲ್ಲ, ಸ್ವಲ್ಪ ಸ್ವಲ್ಪವೇ ಎಷ್ಟೋ ಸೀಸನ್ ನಡೆಯುತ್ತೆ, ಹಂಗಾಗಿ ಪುರಾವೆ ಬರಲಿ ಆಮೇಲೆ ನೋಡೋಣ ಅಂತ ಕಾಯೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ಇದಕ್ಕೆ ಹೆಂಗಸರನ್ನ ಕೆಲಸದಿಂದಾನೇ ತೆಗೆಯೋದು ಪರಿಹಾರ ಅಂತ ಕೆಲವರು ಹೇಳ್ತಾರೆ. ಅಮೆರಿಕದಲ್ಲಿ ಜಾನ್ಸನ್ ಕಂಟ್ರೋಲ್ಸ್ ಅನ್ನೋ ಬ್ಯಾಟರಿ ಕಂಪನಿ ಅದನ್ನೇ ಮಾಡಿತ್ತು, ಸೀಸದ ಕೆಲಸಕ್ಕೆ ಮಕ್ಕಳಾಗೋ ಸಾಧ್ಯತೆ ಇರೋ ಹೆಂಗಸರೇ ಬೇಡ ಅಂತ. 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ತಾರತಮ್ಯ ಅಂತ ತಳ್ಳಿಹಾಕಿತು, ಸೀಸ ಗಂಡಸರ ವೀರ್ಯಾನೂ ಕೆಡಿಸುತ್ತೆ ಅನ್ನೋದನ್ನ ಕಂಪನಿ ಲೆಕ್ಕಕ್ಕೇ ತಗೊಂಡಿರಲಿಲ್ಲ. ನಮ್ಮಲ್ಲಂತೂ ಕೂಲಿ ಹೋಗುತ್ತೆ ಅನ್ನೋ ಭಯಕ್ಕೆ ಹೊಟ್ಟೆ ಕಾಣೋವರೆಗೂ ಬಸಿರು ಮುಚ್ಚಿಡೋರು ಇದಾರೆ, ಕೆಲಸ ಕಿತ್ಕೊಳ್ಳೋ ನಿಯಮ ತಂದ್ರೆ ಇನ್ನೂ ಮುಚ್ಚಿಡ್ತಾರೆ ಅಷ್ಟೇ. ಹೇಳಿದ್ರೆ ಕೂಲಿ ಕಮ್ಮಿ ಆಗಲ್ಲ, ಬೇರೆ ಕೆಲಸ ಕೊಡ್ತೀವಿ ಅನ್ನೋ ನಂಬಿಕೆ ಮೇಸ್ತ್ರಿಯಿಂದ ಬರ್ಬೇಕು.

ತೋಟದ ಮಟ್ಟಿಗೆ ಕಾನೂನು ಇಲ್ಲದೇ ಇಲ್ಲ. ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಗೆ 2010ರಲ್ಲಿ ಸೇರಿಸಿದ ಅಧ್ಯಾಯ ಕೀಟನಾಶಕ ಬಳಸೋ ತೋಟದಲ್ಲಿ ತರಬೇತಿ, ರಕ್ಷಣೆ ಬಟ್ಟೆ, ತೊಳ್ಕೊಳ್ಳೋಕೆ ನೀರು, ಆರೋಗ್ಯ ತಪಾಸಣೆ ಎಲ್ಲಾ ಮಾಲೀಕರ ಹೊಣೆ ಅಂತ ಹೇಳಿತ್ತು, ಆ ಕಾಯ್ದೆ ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರ್ಕೊಂಡಿದೆ. ಸಮಸ್ಯೆ ಏನಂದ್ರೆ ಇದು ದೊಡ್ಡ ತೋಟಗಳಿಗೆ, ಒಂದೆರಡು ಎಕರೆ ಬೆಳೆಗಾರನ ಗದ್ದೆಗೋ ಶುಂಠಿ ಗುತ್ತಿಗೆ ಹೊಲಕ್ಕೋ ಯಾವ ಇನ್ಸ್‌ಪೆಕ್ಟರೂ ಬರಲ್ಲ. ಅಲ್ಲಿ ಕೃಷಿ ಇಲಾಖೆ, ರೈತ ಸಂಪರ್ಕ ಕೇಂದ್ರ, ಗೊಬ್ಬರದ ಅಂಗಡಿ, ಸ್ತ್ರೀಶಕ್ತಿ ಸಂಘಗಳೇ ಹೇಳ್ಬೇಕು: ಗಡ್ಡೆಗೆ ಔಷಧಿ ಬೆರೆಸುವಾಗ ರಬ್ಬರ್ ಗ್ಲೌಸ್ ಹಾಕಿ, ಬಟ್ಟೆ ಗ್ಲೌಸ್ ಬೇಡ, ಅದು ಔಷಧಿ ಹೀರ್ಕೊಂಡು ಚರ್ಮಕ್ಕೇ ಅಂಟಿಸುತ್ತೆ. ಎಲೆಅಡಿಕೆ ಹಾಕೋ ಮುಂಚೆ ಸೋಪಲ್ಲಿ ಕೈ ತೊಳೀರಿ. ಹೊಡೆದೋನು ಮೊದಲು ಸ್ನಾನ ಮಾಡಿ ಆಮೇಲೆ ಮನೆಯೊಳಗೆ ಬರಲಿ, ಆ ಬಟ್ಟೆ ಬೇರೆ ಬಕೆಟ್ಟಿಗೆ, ತೊಳೆಯೋದೂ ಅವನೇ ಆದ್ರೆ ಒಳ್ಳೇದು. ಔಷಧಿ ಕ್ಯಾನಲ್ಲಿ ನೀರು ತುಂಬಿಡಬೇಡಿ, ಎಷ್ಟು ತೊಳೆದಿದ್ರೂ.

ಇನ್ನೊಂದು, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗರ್ಭಪಾತ ಆದ್ರೆ ಆರು ವಾರ ಸಂಬಳ ಸಹಿತ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೇಲೇ ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ, 26ನೇ ವಾರದವರೆಗೆ ಹೋದ ಗರ್ಭ ಇದರಡಿ ಬರುತ್ತೆ. ಇಎಸ್‌ಐ ಇರೋ ಗಾರ್ಮೆಂಟ್ಸ್ ಕೆಲಸದೋರಿಗೆ ಆ ದುಡ್ಡು ಇಎಸ್‌ಐಯಿಂದ ಬರುತ್ತೆ. ಆದ್ರೆ ದಾಖಲೆ ಕೇಳ್ತಾರೆ. ಮನೇಲೇ ರಕ್ತ ಹೋಗಿ ಮುಗೀತು, ಆಸ್ಪತ್ರೆಗೆ ಯಾಕೆ ಅಂತ ಸುಮ್ಮನಾದೋರ ಕೈಲಿ ಯಾವ ಚೀಟಿಯೂ ಇರಲ್ಲ, ರಜೆಯೂ ಸಿಗಲ್ಲ, ಒಳಗೆ ಏನಾದ್ರೂ ಉಳ್ಕೊಂಡು ಸೋಂಕಾದ್ರೆ ಪ್ರಾಣಕ್ಕೇ ಅಪಾಯ. ಆದಷ್ಟು ಬೇಗ ತಾಲೂಕು ಆಸ್ಪತ್ರೆಗೋ ಹಾಸನದ ಹಿಮ್ಸ್ ಆಸ್ಪತ್ರೆಗೋ ಹೋಗಿ ತೋರಿಸಿ ಚೀಟಿ ಬರೆಸ್ಕೊಳ್ಳಿ, ಬರೆಸುವಾಗ ಯಾವ ಕೆಲಸ, ಯಾವ ಔಷಧಿ, ಗಂಡನ ಕೆಲಸ ಏನು ಅಂತ ನೀವಾಗೇ ಹೇಳಿ, ಅದನ್ನೂ ಒಂದು ಸಾಲು ಬರೀರಿ ಡಾಕ್ಟ್ರೇ ಅಂತ ಕೇಳಿ. ಔಷಧಿ ಪ್ಯಾಕೆಟ್ ಮನೇಲಿದ್ರೆ ಅದರ ಫೋಟೋ ಮೊಬೈಲಲ್ಲಿ ತಗೊಂಡು ಹೋಗಿ, ಹೆಸರು ನೆನಪಿಟ್ಕೊಳ್ಳೋ ತಾಪತ್ರಯ ಇರಲ್ಲ.